ಗೋಡೆ ಮೇಲಿನ ರೊಟ್ಟಿ

ತಾಷ್ಕೆಂಟಿನ ಬಸ್ಸು. ನನ್ನ ಮುಂದಿನ ಸೀಟಿನಲ್ಲಿ ಅಣ್ಣ, ತಂಗಿ. ಅಣ್ಣನ ಕಾಲು ಒಂದೇ ಸಮ ಅಲ್ಲಾಡುತ್ತಿತ್ತು.

“ಕಂಪನಿಯವರು ಕೆಲಸದಿಂದ ತೆಗೆದ್ರು ಅಂತ ಅಮ್ಮಂಗೆ ಹೇಳ್ಬಿಡೋ. ನೀನಿನ್ನೂ ಬರ್ಲಿನ್ನಲ್ಲೇ ಕಂಪ್ಯೂಟರ್ ಕುಟ್ತಿದೀಯ ಅಂದ್ಕೊಂಡಿದಾಳೆ. ನೀನು ನೋಡಿದ್ರೆ ಇಲ್ಲೇ ಗೆಳೆಯನ ರೂಮಲ್ಲಿ ಅಡಗಿದೀಯ.”

“ವಾರ್ಸಾದಲ್ಲಿ ಇಂಟರ್‌ವ್ಯೂ ಇದೆ ಜುಮ್ರಾದ್. ಮನೆಗೆ ಬರ್ದೆ ಹಾಗೇ ಹೋಗ್ಬಿಡ್ತೀನಿ.”

“ಹೊರಡೋವಾಗ ಶಾಸ್ತ್ರಕ್ಕೆ ಅಂತ ನೀನು ಕಚ್ಚಿಟ್ಟ ರೊಟ್ಟಿ ಇನ್ನೂ ಗೋಡೆ ಮೊಳೇಲೇ ನೇತಾಡ್ತಿದೆ. ಬಂದು ನೀನೇ ತಿಂದು ಮುಗಿಸ್ಬೇಕು ಅಂತ ದಿನಾ ಧೂಳು ಒರೆಸ್ತಾಳೆ.”

“ಕಲ್ಲಾಗಿರತ್ತೆ.”

“ಸಾರಲ್ಲಿ ನೆನೆಸ್ಕೊಡ್ತಾಳಂತೆ.”

ಅವನು ಕಿಟಕಿ ಕಡೆ ತಿರುಗಿದ.

“ನಿನ್ನ ವೀಸಾ?”

“ಬಂತು. ಡಿಗ್ರಿ ಇಟ್ಕೊಂಡು ಇಲ್ಲೇನು ಮಾಡ್ಲಿ? ನಾಳಿದ್ದು ಕೊರಿಯಾಗೆ. ನನ್ನ ರೊಟ್ಟಿ ಇನ್ನೂ ಕಚ್ಚಿಲ್ಲ. ಇರೋದು ಒಂದೇ ಮೊಳೆ.”

ಬಸ್ಸು ನಿಂತಿತು. ಅವನು ಎದ್ದ.

“ಇನ್ನೊಂದು ಮೊಳೆ ಹೊಡಿ.”

“ನೀನೇ ಬಂದು ಹೊಡಿ,” ಅಂತ ಅವಳೂ ಅವನ ಹಿಂದೆಯೇ ಇಳಿದಳು.