ಖಂಡೇನವಮಿಗೆ ತೊಳೆದ ಸೋಡಿಯಂ

ಸನ್ಮಾನ್ಯ ಅಧ್ಯಕ್ಷರೇ, ಕೊರಳಿನ ಹಾರ ತೆಗೆಯಲು ಮನಸ್ಸಿಲ್ಲದ ಅತಿಥಿಗಳೇ, ಚಹಾ ಯಾವಾಗ ಬರುತ್ತದೆಂದು ಕಾದು ಕೂತಿರುವ ಜಮಖಂಡಿಯ ಸಭಿಕರೇ,

ನನ್ನ ನಿವೃತ್ತಿಯಿಂದ ಇಷ್ಟು ಜನರಿಗೆ ಸಂತೋಷವಾಗುತ್ತದೆಂದು ತಿಳಿದಿರಲಿಲ್ಲ. ಇಪ್ಪತ್ತೆಂಟು ವರ್ಷ ಈ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿದೆ. ಕಲಿತವರು ಯಾರು? ಮುಂದಿನ ಸಾಲಿನ ನನ್ನ ಶಿಷ್ಯರನ್ನೇ ಕೇಳಿ, ಆವರ್ತ ಕೋಷ್ಟಕವೆಂದರೆ ಕ್ಯಾಲೆಂಡರು ಎಂದಾರು. ಕೊನೆಯ ಸಲ ಹೇಳುತ್ತೇನೆ. ಕೋಷ್ಟಕದ ಎಡಕ್ಕೆ ಕೊಡುವವರು, ಬಲಕ್ಕೆ ಕಸಿಯುವವರು. ಎಲೆಕ್ಟ್ರಾನನ್ನು ಸಲೀಸಾಗಿ ಬಿಟ್ಟುಕೊಡುವುದೇ ಲೋಹಗುಣ. ಎಡಕ್ಕೆ ಸರಿದಷ್ಟೂ, ಕೆಳಗಿಳಿದಷ್ಟೂ ಅದು ಹೆಚ್ಚು. ತೀರ ಬಲಕ್ಕೆ ಜಡ ಅನಿಲಗಳು. ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ, ಕುರ್ಚಿ ಬಿಡುವುದಿಲ್ಲ. ವೇದಿಕೆಯ ಬಲಬದಿಯವರು ತಪ್ಪು ತಿಳಿಯಬಾರದು.

ಮಾನಪತ್ರದಲ್ಲಿ ನನ್ನ ಪ್ರಯೋಗಶಾಲೆಯ ಶಿಸ್ತನ್ನು ಹೊಗಳಿದ್ದೀರಿ. ಶಿಸ್ತಂತೆ! ಖಂಡೇನವಮಿಗೆ ಕೊಡಲಿ ಕುಡುಗೋಲು ತೊಳೆದು ಪೂಜಿಸುವ ಊರು ಇದು. ಆರು ವರ್ಷದ ಹಿಂದೆ ಹೆಡ್‌ಮಾಸ್ತರರು ಪ್ರಯೋಗಶಾಲೆಯನ್ನೂ ಪೂಜಿಸಬೇಕೆಂದರು. ತಕ್ಕಡಿಗೆ ಕುಂಕುಮ, ಬರ್ನರಿಗೆ ಚೆಂಡುಹೂ. ಶಾಲೆಯ ಸಿಪಾಯಿ ಈರಪ್ಪ, ಸೀಮೆಎಣ್ಣೆಯಲ್ಲಿಟ್ಟಿದ್ದ ಸೋಡಿಯಂ ಗಡ್ಡೆಯನ್ನು ತೊಳೆಯಲೆಂದು ಬಕೆಟ್ಟಿನ ನೀರಿಗೆ ಹಾಕಿದ. ಕೋಷ್ಟಕದ ಎಡ ಅಂಚಿನ ಲೋಹ, ನೀರು ಮುಟ್ಟಿದರೆ ಸುಮ್ಮನಿದ್ದೀತೇ? ಸಿಡಿಯಿತು. ಅವನ ಒಂದು ಕಣ್ಣು ಹೋಯಿತು, ಕೆಲಸವೂ ಹೋಯಿತು. ಮೂರ್ಖ! ಆರು ವರ್ಷದಿಂದ ನೀವೂ ನಗುತ್ತಿದ್ದೀರಿ, ನಾನೂ ನಗುತ್ತಿದ್ದೇನೆ. ಅಲ್ಲ, ಬಾಟಲಿ ಹಿಡಿದು ಬಾಗಿಲಲ್ಲಿ ನಿಂತು ಅದನ್ನೂ ಕೇಳುವುದೇ? "ಸರ, ಇದು ಚಿಮಣಿ ಎಣ್ಣಿ ನಾರತೈತ್ರಿ, ಪೂಜಾಕ್ಕ ಹೆಂಗ ಇಡೂದು? ತೊಳೀಲೇನ್ರಿ?" ನಾನು ಪೇಪರಿನಿಂದ ತಲೆ ಎತ್ತದೆ, "ಎಲ್ಲಾ ತೊಳಿಯೋ, ತಲಿ ತಿನಬ್ಯಾಡ" ಎಂದೆ.

ಈಗಲೂ ನಗಿ. ಹೌದು, ತೊಳೆ ಎಂದವನು ನಾನೇ. ವಿಚಾರಣೆಯಲ್ಲಿ ಮಾತ್ರ, ಸಿಪಾಯಿ ನನ್ನನ್ನು ಕೇಳದೆ ಮಾಡಿದ ಎಂದು ಬರೆದುಕೊಟ್ಟೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನಿಂತಿದ್ದ ಈರಪ್ಪ ನನ್ನ ಮುಖ ನೋಡಿದ. "ಸರು ಬರದಾರಂದ್ರ ಖರೇನ ಇರಬೇಕ್ರಿ" ಎಂದು ಹೆಬ್ಬೆಟ್ಟು ಒತ್ತಿದ. ಇಷ್ಟು ಹೊತ್ತು ನಿಮ್ಮನ್ನೆಲ್ಲ ಜರೆದೆ. ನನಗಿಂತ ಹೇಡಿ ಈ ಸಭೆಯಲ್ಲಿ ಯಾರಿದ್ದಾರೆ?

ಅಧ್ಯಕ್ಷರೇ, ಕಾಗದ ತರಿಸಿ. ಆ ವರದಿ ಸುಳ್ಳೆಂದು ಎಲ್ಲರೆದುರು ಈಗಲೇ ಬರೆದು ಸಹಿ ಮಾಡುತ್ತೇನೆ. ಅವನನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳುವವರೆಗೆ ಈ ಶಾಲು ನಿಮ್ಮಲ್ಲೇ ಇರಲಿ. ಹಾರ ಹಾಕಿದವರಿಗೆ, ಚಪ್ಪಾಳೆ ತಟ್ಟಿದವರಿಗೆ ಧನ್ಯವಾದ. ನಮಸ್ಕಾರ ಮಾತ್ರ ಹುನ್ನೂರಿನ ಈರಪ್ಪನಿಗೆ.