ಖಾಲಿ ಇದೆ ಅಂದ ಡಿಸ್ಕು

ಸ್ಕ್ಯಾನಿಂಗ್ ಕೋಣೆಯ ಹೊರಗೆ ನಾನೂ ಅಮ್ಮನೂ ಸರದಿಗಾಗಿ ಕೂತಿದ್ದೆವು. ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುವ ಇಬ್ಬರು ಪಕ್ಕದಲ್ಲೇ ಲಿಫ್ಟ್‌ಗೆ ಕಾಯುತ್ತಿದ್ದರು. ಹಿರಿಯಾಕೆಯ ಬೆರಳು ಗುಂಡಿಯನ್ನು ಬಿಟ್ಟಿರಲಿಲ್ಲ.

“ಸರ್ವರ್ ಒಳಗೆ ಹೊಸದಾಗಿ ಮಾಡಿದ ವರ್ಚುವಲ್ ಮಷೀನ್‌ಗೆ ಸ್ಟೋರೇಜ್ ಡಿಸ್ಕನ್ನ ನೇರವಾಗಿ ಕೊಟ್ಟೆ ಅಕ್ಕ. ಖಾಲಿ ಇದೆ, ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳ್ತು,” ಅಂದ ಜೊತೆಗಿದ್ದ ಹುಡುಗ.

“ನೀನೇನಂದೆ?”

“ಹೂಂ ಅಂದೆ, ಅದ್ರಲ್ಲಿದ್ದಿದ್ದೆಲ್ಲ ಅಳಿಸ್ಬಿಡ್ತು. ಹೊಸ ಡಿಸ್ಕು ಅಂದ್ಕೊಂಡಿದ್ದೆ. ಹಳೇ ಮಷೀನ್ ಬಳಸ್ತಾ ಇರೋದೂ ಅದನ್ನೇ.”

“ಹಳೇ ಸ್ಕ್ಯಾನ್‌ಗಳೆಲ್ಲ ಇರೋದು ಅದ್ರಲ್ಲೇನಾ?”

ಅವನು ತಲೆ ತಗ್ಗಿಸಿ ಹೂಂಗುಟ್ಟಿದ.

“ಮುಂಚೆ ಮಷೀನ್ ಹೇಗಿತ್ತೋ ಹಾಗೇ ಸ್ನ್ಯಾಪ್‌ಶಾಟ್ ತಗೊಂಡಿದ್ದೆ. ಹಿಂದಕ್ಕೆ ಹೋಗಬಹುದಲ್ಲ?”

“ನೇರವಾಗಿ ಕೊಟ್ಟ ಡಿಸ್ಕು ಅದ್ರಲ್ಲಿ ಬರಲ್ಲ ಕಣೋ. ಮಷೀನ್ ಹಿಂದಕ್ಕೆ ಹೋಗುತ್ತೆ, ಡಿಸ್ಕು ಹೋಗಲ್ಲ.”

“ಬ್ಯಾಕಪ್?”

“ಅದೂ ಸ್ನ್ಯಾಪ್‌ಶಾಟನ್ನೇ ನಂಬ್ಕೊಂಡಿರೋದು.”

“ಕೈಕಾಲೇ ಆಡ್ತಿಲ್ಲ ಅಕ್ಕ.”

“ಆಡ್ಸು. ಮೊದಲು ಹಳೇ ಮಷೀನ್ ನಿಲ್ಸು. ಅದಿನ್ನೂ ಆ ಡಿಸ್ಕ್ ಮೇಲೆ ಬರೀತಾನೇ ಇರುತ್ತೆ, ವಾಪಸ್ ಸಿಗಬಹುದಾದ್ದೂ ಹೋಗ್ಬಿಡುತ್ತೆ.”

ಲಿಫ್ಟ್ ಬಂತು, ಇಬ್ಬರೂ ಒಳಗೆ ಹೋದರು. ಅಷ್ಟರಲ್ಲಿ ಸ್ಕ್ಯಾನಿಂಗ್ ಕೋಣೆಯಿಂದ ನರ್ಸ್ ತಲೆ ಹೊರಹಾಕಿ ಅಮ್ಮನ ಕಡೆ ಕೈ ತೋರಿಸಿದಳು.

“ಮೇಡಂ, ಇವರ ಹೋದ ವರ್ಷದ ಸ್ಕ್ಯಾನ್ ತೆರೀತಾ ಇಲ್ಲ. ಡಾಕ್ಟ್ರು ಹೋಲಿಸಿ ನೋಡ್ಬೇಕಂತೆ.”

ಹಿರಿಯಾಕೆ ಅಮ್ಮನನ್ನು ನೋಡಿ ನಕ್ಕಳು.

“ಬರುತ್ತಮ್ಮ, ಸ್ವಲ್ಪ ಹೊತ್ತು ಕೂತಿರಿ.”

ಅವಳ ಪಕ್ಕದಲ್ಲಿದ್ದವನು ತಲೆಯೆತ್ತುವ ಮುಂಚೆಯೇ ಲಿಫ್ಟಿನ ಬಾಗಿಲು ಮುಚ್ಚಿತು.