ಕಡಲಿಗೆ ಇಳಿಯಬಾರದ ದಿನ

ವೇದಿಕೆಯ ಮೇಲಿರುವ ಅಧ್ಯಕ್ಷರಾದ ಕುರಹಾಶಿಯವರೇ, ಪುರಸಭೆಯ ಹಿರಿಯರೇ, ನನ್ನ ಜೊತೆ ಕಡಲಲ್ಲಿ ಮುಳುಗಿ ಚಿಪ್ಪುಮೀನು ತರುವ ಅಕ್ಕತಂಗಿಯರೇ, ಸಭಿಕರೇ,

ಇವತ್ತು ನನ್ನ ತಾಯಿ ತೀರಿಕೊಂಡ ದಿನ. ಮೀನು ಮುಟ್ಟುವುದಿಲ್ಲ, ಸಂಜೆಯವರೆಗೆ ಬರೀ ಗಂಜಿ. ಬೆಳಿಗ್ಗೆ ಸಮಾಧಿ ತೊಳೆದು, ಹೂ ಬದಲಿಸಿ, ಒಣಹಾಕಿದ್ದ ಕಡಲಪಾಚಿ ಮಗುಚಿ ಬಂದಿದ್ದೇನೆ. ಊಟದ ತಟ್ಟೆ ಹಾಗೇ ಬಿಟ್ಟಳೆಂದು ಯಾರೂ ಬೇಸರ ಮಾಡಿಕೊಳ್ಳಬಾರದು.

ಅಧ್ಯಕ್ಷರು ಬರೆದ ನಮ್ಮ ಹಳೆಯ ಶಿಮಾ ಪ್ರಾಂತದ ಚರಿತ್ರೆ ಇವತ್ತು ಬಿಡುಗಡೆಯಾಗಿದೆ. ಮುಳುಗುವ ಹೆಂಗಸರ ಪರವಾಗಿ ನಾಲ್ಕು ಒಳ್ಳೆಯ ಮಾತಾಡು ಎಂದರು. ಪುಸ್ತಕ ದಪ್ಪಗಿದೆ, ಮುಳುಗುವಾಗ ಭಾರಕ್ಕೆಂದು ಸೊಂಟಕ್ಕೆ ಕಟ್ಟಿಕೊಳ್ಳಬಹುದು. ನಗಬೇಡಿ, ಪೂರ್ತಿ ಓದಿದ್ದೇನೆ. ಇಲ್ಲಿ ಗದ್ದೆ ಕಡಿಮೆ, ಅವಾಬಿ ಚಿಪ್ಪುಮೀನನ್ನೇ ಅರಮನೆಗೂ ದೇಗುಲಕ್ಕೂ ಕಳಿಸಿದರು ಎಂದು ಬರೆದಿದ್ದೀರಿ. ಸರಿ. ಕಳಿಸಿದವರ ಹೆಸರೆಲ್ಲ ಇದೆ. ಮುಳುಗಿ ತಂದವರು ಯಾರು?

ಇನ್ನೊಂದು ಸಾಲಿದೆ: 'ಬೇಸಿಗೆಯ ಈ ದಿನ ದೇವರ ಶಾರ್ಕ್‌ಗಳು ದೇಗುಲಕ್ಕೆ ಬರುತ್ತವೆ, ಅಂದು ಈ ಊರಿನಲ್ಲಿ ಯಾರೂ ಎಂದೂ ಕಡಲಿಗೆ ಇಳಿದಿಲ್ಲ.'

ಎಂದೂ ಇಳಿದಿಲ್ಲವೇ, ಅಧ್ಯಕ್ಷರೇ? ನನಗಾಗ ಒಂಬತ್ತು ವರ್ಷ. ಇದೇ ಚರಿತ್ರೆಗೆ ಮಾಹಿತಿ ಕೇಳಲು ನೀವು ಇದೇ ದಿನ ಬಂದಿರಿ. ಊರ ಯಜಮಾನ ಇವಾಜಿ ನಮ್ಮ ಬಾಗಿಲಿಗೆ ಬಂದು ಅಮ್ಮನನ್ನು ಕೂಗಿದ.

"ಏ ಮಿಸಾವೊ, ಕ್ಯೋತೊದಿಂದ ದೊಡ್ಡೋರು ಬಂದವ್ರೆ. ಒಣಗಿದ್ದು ಇಕ್ಕಿದ್ರೆ ಊರಿನ ಮಾನ ಏನಾಗ್ಬೇಕು? ಎರಡು ಅವಾಬಿ ತಂದ್ಕೊಡು."

"ಇವತ್ತಾ? ದೇವರ ದಿನ ಅಲ್ವಾ ಯಜಮಾನ್ರೇ!"

"ನಿನ್ನ ಬಾಯಿಗೆ ಶಾರ್ಕೇ ಹೆದರ್ಕೊಂಡು ಓಡ್ತದೆ, ಹೋಗೇ!"

ಅಪ್ಪ ದೋಣಿ ಇಳಿಸಲಿಲ್ಲ. "ಇವತ್ತು ನಾನು ಹಗ್ಗ ಹಿಡಿಯಲ್ಲ, ನೀನೂ ಹೋಗ್ಬೇಡ ಕಣೇ" ಎಂದ. ಯಜಮಾನನ ಮಾತು ಮೀರಲಾಗದೆ ಅಮ್ಮ ಬಂಡೆಯಿಂದಲೇ ಇಳಿದಳು. ಎರಡು ತಂದು ನನ್ನ ಕೈಗಿಟ್ಟಳು. ಚಿಕ್ಕವಾದವು ಎಂದು ಮತ್ತೆ ಮುಳುಗಿದಳು. ಮೇಲೆಳೆಯಲು ಹಗ್ಗವೂ ಇರಲಿಲ್ಲ, ಅಪ್ಪನೂ ಇರಲಿಲ್ಲ. ನೀವು ಊಟ ಮುಗಿಸಿ ಹೊರಟ ಮೇಲೆ ಹೆಣ ಸಿಕ್ಕಿತು.

ಶಾರ್ಕ್ ಮುಟ್ಟಿರಲಿಲ್ಲ. ಆದರೂ ದೇವರ ದಿನ ಕೆಡಿಸಿದವಳೆಂದು, ಕಡಲಲ್ಲಿ ಸತ್ತ ಹೆಂಗಸರ ಹೆಸರು ಕೆತ್ತುವ ಕಲ್ಲಿನಲ್ಲಿ ಅವಳಿಗೆ ಜಾಗ ಕೊಡಲಿಲ್ಲ. ಕೊಡಬಾರದೆಂದು ಮೊದಲು ಹೇಳಿದವನು ಇವಾಜಿಯೇ. ಪುಸ್ತಕದ ಮೊದಲ ಪುಟದಲ್ಲಿ ಅವನಿಗೆ ಕೃತಜ್ಞತೆ ಹೇಳಿದ್ದೀರಿ.

ನಿಮಗೆ ಗೊತ್ತಿರಲಿಲ್ಲ, ಒಪ್ಪುತ್ತೇನೆ. ಈಗ ಗೊತ್ತಾಯಿತಲ್ಲ? ಪ್ರತಿ ವರ್ಷ ದೇವರ ಮುಂದೆ ಕೂತು ಕೇಳಿದ್ದೇನೆ. ದೇವರಿಗೆ ಅವಳ ಮೇಲೆ ಕೋಪವಿದ್ದಂತೆ ನನಗೆ ಕಂಡಿಲ್ಲ. ಕೋಪ ಇರುವುದು ನನಗೆ. ಆ ಸಾಲು ಹೊಡೆದುಹಾಕಿ, 'ಮಿಸಾವೊ ಇಳಿದಳು, ನಮ್ಮ ಊಟಕ್ಕಾಗಿ ಇಳಿದಳು' ಎಂದು ಬರೆಯುತ್ತೀರಾ? ನೀವು ಬರೆದರೆ ಊರಿನವರು ಕಲ್ಲಿನಲ್ಲೂ ಕೆತ್ತಲೇಬೇಕಾಗುತ್ತದೆ.

ಕರೆದು ಮಾತಾಡಿಸಿದ್ದಕ್ಕೆ ವಂದನೆಗಳು, ನಮಸ್ಕಾರ. ನಾನು ಆ ಕಲ್ಲಿನ ಹತ್ತಿರ ಕೂತಿರುತ್ತೇನೆ. ಅಧ್ಯಕ್ಷರು ಹೌದೆನ್ನಲಿ, ಇಲ್ಲವೆನ್ನಲಿ, ನಿಮ್ಮಲ್ಲಿ ಯಾರಾದರೂ ಅವರ ಉತ್ತರ ತಂದು ನನಗೆ ಹೇಳಿ.